ಸಮುದ್ರ ಗೂಗಲ್ ಮ್ಯಾಪ್ ನೋಡ್ಕೊಂಡು ಬರಲ್ಲ ಸ್ವಾಮಿ

ಬೆಳಿಗ್ಗೆ ವಾಟ್ಸಾಪ್ ತೆಗೆದರೆ ಮತ್ತದೇ ವಿಡಿಯೋ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹೋಲಿ ಐಲ್ಯಾಂಡ್ (ಲಿಂಡಿಸ್‌ಫಾರ್ನ್) ದ್ವೀಪಕ್ಕೆ ಹೋಗುವ, ಉಬ್ಬರ ಬಂದಾಗ ಮುಳುಗುವ ರಸ್ತೆಯ ಮಧ್ಯೆ ಕಾರು, ಬಾನೆಟ್‌ವರೆಗೂ ನೀರು. ಕೆಳಗೆ ಕಾಮೆಂಟು: "ಪಾಪ, ಗೊತ್ತಿರಲಿಲ್ಲವೇನೋ!"

ಗೊತ್ತಿರಲಿಲ್ಲವಾ? ಅಲ್ಲಿನ ಸ್ಥಳೀಯ ಆಡಳಿತ, ನಾರ್ತಂಬರ್‌ಲ್ಯಾಂಡ್ ಕೌಂಟಿ ಕೌನ್ಸಿಲ್, ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ದಾಟಬಹುದು ಅಂತ ಪಟ್ಟಿ ಹಾಕುತ್ತದೆ. ಅದೇ ಪಟ್ಟಿ ರಸ್ತೆ ಶುರುವಾಗುವ ಕಡೆಯೂ ಇದೆ. ಜೊತೆಗೆ ಮುಳುಗಿದ ಕಾರಿನ ಫೋಟೋ ಹಾಕಿ "ಇದು ನೀವೂ ಆಗಬಹುದು" ಅಂತ ಬೋರ್ಡ್ ಬೇರೆ. ಇನ್ನೇನು, ತಮಟೆ ಬಡಿದು ಹೇಳಬೇಕಾ?

ಲೆಕ್ಕ ಕಷ್ಟದ್ದೇನಲ್ಲ. ಉಬ್ಬರ ತುದಿ ಮುಟ್ಟುವ ಸುಮಾರು ಎರಡು ಗಂಟೆ ಮೊದಲೇ ರಸ್ತೆ ಬಂದ್, ಮುಟ್ಟಿದ ಸುಮಾರು ಮೂರು ಗಂಟೆ ನಂತರ ಓಪನ್. ಅಂದರೆ ಒಂದೊಂದು ಸಲಕ್ಕೆ ಹತ್ತಿರ ಹತ್ತಿರ ಐದು ಗಂಟೆ, ದಿನಕ್ಕೆ ಎರಡು ಸಲ. ಆ ಹೊತ್ತು ದಿನದಿನಕ್ಕೆ ಐವತ್ತು ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹಾಗಾಗಿ "ಹೋದ ವಾರ ನಮ್ಮ ಫ್ರೆಂಡ್ಸು ಮಧ್ಯಾಹ್ನ ಹೋಗಿದ್ರು" ಅನ್ನೋ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಫೋನಿನಲ್ಲಿ ಸಿಗುವ ಯಾವುದೋ ಉಬ್ಬರ-ಇಳಿತದ ಪಟ್ಟಿಯನ್ನೂ ನಂಬಬೇಡಿ. ಎಷ್ಟೋ ಪಟ್ಟಿಗಳು ಜಿಎಂಟಿಯಲ್ಲಿ (ಗ್ರೀನ್‌ವಿಚ್ ಸಮಯದಲ್ಲಿ) ಇರುತ್ತವೆ, ಬೇಸಿಗೆಯಲ್ಲಿ ನಿಮ್ಮ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದೆ. ಆ ಒಂದು ಗಂಟೆಯಲ್ಲಿ ಕಾರು ಹೋಗುತ್ತದೆ.

ಕರಾವಳಿಯವರಿಗೆ ಒಂದು ಮಾತು, ಬೇಜಾರಾಗಬೇಡಿ. "ನಾವು ಸಮುದ್ರ ನೋಡದವರಾ?" ಅನ್ನುವವರೇ ಇಲ್ಲಿ ಹೆಚ್ಚು ಮೋಸ ಹೋಗೋದು. ಮಂಗಳೂರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಒಂದೂವರೆ ಮೀಟರ್ ಆಸುಪಾಸು ವ್ಯತ್ಯಾಸ. ಇಲ್ಲಿ ಹುಣ್ಣಿಮೆ-ಅಮಾವಾಸ್ಯೆ ಹೊತ್ತಿಗೆ ನಾಲ್ಕು ಮೀಟರ್! ಅದೂ ಚಪ್ಪಟೆ ಮರಳಿನ ಮೇಲೆ. ಅಲೆ ಅಬ್ಬರಿಸಿಕೊಂಡು ಬರಲ್ಲ, ನೆಲ ಒರೆಸುವ ನೀರಿನ ಹಾಗೆ ಸದ್ದಿಲ್ಲದೆ ಹರಡುತ್ತದೆ.

ಮೋಸ ಇರೋದು ಇನ್ನೊಂದು ಕಡೆ. 1954ರ ಆ ರಸ್ತೆಯ ತೀರಾ ತಗ್ಗು ಜಾಗ ದ್ವೀಪದ ಬಳಿ ಇಲ್ಲ, ಮುಖ್ಯಭೂಮಿಗೆ ಹತ್ತಿರದ ಸೇತುವೆಯ ಹತ್ತಿರ ಇದೆ. ವಾಪಸ್ ಬರುವವನಿಗೆ ಮುಕ್ಕಾಲು ದಾರಿ ಒಣಗಿಯೇ ಕಾಣುತ್ತದೆ, ಎದುರಿಗೆ ದಡವೂ ಕಾಣುತ್ತದೆ. "ಆಯ್ತು, ಬಂದೇ ಬಿಟ್ವಿ" ಅಂತ ಆಕ್ಸಿಲರೇಟರ್ ಒತ್ತುತ್ತಾನೆ. ಆ ಕೊನೆಯ ತುಂಡಿನಲ್ಲೇ ನೀರು. ಸಿಕ್ಕಿಬಿದ್ದವರು ಹತ್ತಿ ಕೂರಲಿ ಅಂತ ಕಂಬಗಳ ಮೇಲೆ ಮೆಟ್ಟಿಲಿಟ್ಟು ಮರದ ಗೂಡು ಕಟ್ಟಿರೋದು ಅಲ್ಲೇ ಯಾಕೆ ಅಂತ ಯಾರೂ ಯೋಚಿಸಲ್ಲ. ನೀರು ಕಂಡರೆ ರಿವರ್ಸ್ ತಗೊಳ್ಳಿ. ಸಿಕ್ಕಿಬಿದ್ದರೆ ಕಾರಿನ ಆಸೆ ಬಿಟ್ಟು ಗೂಡು ಹತ್ತಿ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ, ಕೋಸ್ಟ್‌ಗಾರ್ಡ್ ಕೇಳಿ. ಎಂಜಿನ್‌ಗೆ, ವೈರಿಂಗ್‌ಗೆ ಉಪ್ಪುನೀರು ಹೊಕ್ಕ ಕಾರು ಸಾಮಾನ್ಯವಾಗಿ ಗುಜರಿಗೇ.

ಹೋಗುವಾಗಲೂ ಅಷ್ಟೆ. ಎ1 ಹೆದ್ದಾರಿಯಿಂದ ಹದಿನೈದು ನಿಮಿಷ ಅಂತ ಮ್ಯಾಪ್ ಹೇಳುತ್ತದೆ. ದಾರಿಯಲ್ಲಿ ಬೀಲ್ ಅನ್ನೋ ಹಳ್ಳಿಯ ಹತ್ತಿರ ಲಂಡನ್-ಎಡಿನ್‌ಬರೋ ರೈಲು ಮಾರ್ಗದ ಗೇಟಿದೆ, ಅದು ಬಿದ್ದರೆ ನಿಮ್ಮ "ಕೊನೇ ಹತ್ತು ನಿಮಿಷ" ಅಲ್ಲೇ ಖರ್ಚು.

"ಹಾಗಾದ್ರೆ ರಸ್ತೆಗೇ ಗೇಟ್ ಹಾಕಬಾರದಾ?" ಹಾಕಬಹುದು. ಅದು ಬೀಳುವ ಮುಂಚೆ ನುಗ್ಗೋಣ ಅಂತ ನಮ್ಮವರು ಇನ್ನೂ ಜೋರಾಗಿ ಓಡಿಸ್ತಾರೆ, ಬಿಡಿ.

ನಡೆದು ಹೋಗುವವರಿಗೆ ಪಟ್ಟಿ ಬೇರೆ ರೀತಿ ಓದಬೇಕು. ಕಂಬಗಳ ಸಾಲು ಹಿಡಿದು ಮರಳಿನ ಮೇಲೆ ಹೋಗುವ ಯಾತ್ರಿಕರ ದಾರಿ ಸುಮಾರು ಐದು ಕಿಲೋಮೀಟರ್, ಎರಡು ಗಂಟೆ. ನೀರು ಇಳಿಯುತ್ತಿರುವಾಗ ಹೊರಟು, ಪೂರ್ತಿ ಇಳಿಯುವ ಹೊತ್ತಿಗೆ ಆಚೆ ದಡ ಸೇರಿರಬೇಕು. ಕಾರಿನ ಗಡುವು ಕಾಲಿಗೆ ಅನ್ವಯಿಸಲ್ಲ.

ನನಗೆ ಉರಿಯೋದು ಕಾರು ಮುಳುಗಿದ್ದಕ್ಕಲ್ಲ (ನಿಜ ಹೇಳಬೇಕಂದರೆ, ಸ್ವಲ್ಪ ಖುಷಿಯೇ ಆಗುತ್ತೆ). ಇಷ್ಟು ಓಡಿ ಹೋಗಿ ಇವರು ಏನು ನೋಡ್ತಾರೆ? 635ರಲ್ಲಿ ಏಡನ್ ಎಂಬ ಕ್ರೈಸ್ತ ಸನ್ಯಾಸಿ ಮಠ ಕಟ್ಟಿದ ಊರು, 793ರಲ್ಲಿ ವೈಕಿಂಗ್ ಕಡಲ ದಾಳಿಕೋರರು ನುಗ್ಗಿದ ಊರು. ಆಮೇಲೆ ಕಟ್ಟಿದ ಪ್ರಯರಿ ಅನ್ನುವ ಮಠದ ಕೆಂಪು ಕಲ್ಲಿನ ಪಾಳಿನಲ್ಲಿ ಚಾವಣಿಯೆಲ್ಲ ಬಿದ್ದುಹೋಗಿ ಒಂದೇ ಒಂದು ಕಮಾನು ಕಾಮನಬಿಲ್ಲಿನ ಹಾಗೆ ಆಕಾಶಕ್ಕೆ ಅಡ್ಡ ನಿಂತಿದೆ. ಅದರಡಿ ಒಂದು ಸೆಲ್ಫಿ, ಮುಗೀತು. "ಲಿಂಡಿಸ್‌ಫಾರ್ನ್ ಗಾಸ್ಪೆಲ್ಸ್ ಎಲ್ಲಿದೆ?" ಅಂತ ಅಲ್ಲಿ ಕೇಳುತ್ತಾರೆ. ಆ ಹಳೇ ಚಿತ್ರಿತ ಬೈಬಲ್ ಹಸ್ತಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ ಮಾರಾಯ್ರೆ! ಒಂದು ಮೈಲಿ ನಡೆದರೆ ಕೋಟೆ. ಅದನ್ನು ಮನೆಯಾಗಿ ಮಾರ್ಪಡಿಸಿದ್ದು ನಮ್ಮ ರಾಷ್ಟ್ರಪತಿ ಭವನದ ವಾಸ್ತುಶಿಲ್ಪಿ ಲಟ್ಯೆನ್ಸ್. ಕೋಟೆಯ ಬುಡದಲ್ಲಿ ಹಳೇ ಮೀನು ದೋಣಿಗಳನ್ನು ಬೋರಲು ಹಾಕಿ, ಟಾರು ಬಳಿದು, ಬಾಗಿಲಿಟ್ಟು ಶೆಡ್ ಮಾಡಿದ್ದಾರೆ. ಯಾರೂ ನಿಂತು ನೋಡಲ್ಲ, ವಾಚ್ ನೋಡ್ತಿರ್ತಾರೆ.

ಉಪಾಯ ಒಂದೇ: ರಸ್ತೆ ಮುಚ್ಚುವ ಮುಂಚೆ ಆರಾಮಾಗಿ ಹೋಗಿ, ಮತ್ತೆ ತೆರೆದ ಮೇಲೆ ಬನ್ನಿ. ಉಪವಾಸ ಬೀಳದ ಹಾಗೆ ಬುತ್ತಿ ಕಟ್ಟಿಕೊಳ್ಳಿ. ದಿನದ ಪ್ರವಾಸಿಗರು ಖಾಲಿಯಾದ ಮೇಲೆ, ಗಾಳಿ ಸರಿಯಿದ್ದರೆ, ಮರಳುದಿಬ್ಬದ ಮೇಲಿನ ಸೀಲ್‌ಗಳು (ಕಡಲುನಾಯಿಗಳು) ಊಳಿಡೋದು ಊರಿಗೇ ಕೇಳುತ್ತೆ. ಹಾಂ, ಹೊತ್ತು ಕಳೆಯಲು ಪಕ್ಕದ ಸೇಂಟ್ ಕತ್‌ಬರ್ಟ್ ದಿಬ್ಬಕ್ಕೆ ಹೋಗೋದಾದರೆ ನೆನಪಿರಲಿ, ಅದೂ ಉಬ್ಬರಕ್ಕೆ ದ್ವೀಪವಾಗುತ್ತೆ. ದೊಡ್ಡ ರಸ್ತೆ ಸರಿಯಾಗಿ ದಾಟಿ ಬಂದು ಈ ಕೂಗಳತೆಯ ದಿಬ್ಬದಲ್ಲಿ ಸಿಕ್ಕಿಬಿದ್ದರೆ ಆ ವಿಡಿಯೋ ಮಾತ್ರ ದಯವಿಟ್ಟು ನನಗೆ ಕಳಿಸಿ.