ಕಟ್‌ಆಫ್‌ಗೆ ಮುಂಚೆ ಟೇಬಲ್ ಎತ್ತಬೇಡಿ

ನಿನ್ನೆ ರೇಸ್ ಮುಗಿಸಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಕಾಡು-ಬೆಟ್ಟದ ಕಾಲುದಾರಿಯಲ್ಲಿ ನೂರು ಕಿಲೋಮೀಟರ್ ಟ್ರೇಲ್ ಓಟ, ಅದರ ಕೊನೆಯ ಏಡ್ ಸ್ಟೇಷನ್ನಿನಲ್ಲಿ, ಅಂದರೆ ಓಟಗಾರರಿಗೆ ದಾರಿಯಲ್ಲಿ ತಿನ್ನಲು, ಕುಡಿಯಲು ಕೊಟ್ಟು ಉಪಚರಿಸುವ ಜಾಗದಲ್ಲಿ, ನಾನು ವಾಲಂಟಿಯರ್. ಮೊಣಕಾಲು ಕೈಕೊಟ್ಟ ಮೇಲೆ ಓಡುವುದು ಬಿಟ್ಟು ಟೇಬಲ್ ಹಿಂದೆ ನಿಲ್ಲುತ್ತೇನೆ ಅನ್ನುವುದು ನಿಮಗೆಲ್ಲ ಗೊತ್ತೇ ಇದೆ.

ಕಟ್‌ಆಫ್‌ಗೆ, ಅಂದರೆ ಓಟಗಾರರು ಅಲ್ಲಿಗೆ ತಲುಪಲೇಬೇಕಾದ ಕೊನೆಯ ಹೊತ್ತಿಗೆ, ಇನ್ನೂ ಅರ್ಧ ಗಂಟೆ ಇತ್ತು. ಪಟ್ಟಿಯ ಪ್ರಕಾರ ಏಳು ಜನ ಬರಬೇಕಿತ್ತು. ಅಷ್ಟರಲ್ಲಿ ಆಯೋಜಕರ ಗಾಡಿ ಬಂತು. “ಇನ್ನು ಯಾರೂ ಬರಲ್ಲ ಬಿಡಿ, ಪ್ಯಾಕ್ ಮಾಡೋಣ” ಎನ್ನುತ್ತಾ ಬಂದವರು ಟೇಬಲ್ ಮಡಚತೊಡಗಿದರು. ಆ ಏಳೂ ಜನರ ಬಿಬ್ ನಂಬರ್ (ಓಟಗಾರರು ಅಂಗಿಗೆ ಸಿಕ್ಕಿಸಿಕೊಳ್ಳುವ ಚೀಟಿಯ ಸಂಖ್ಯೆ) ತೋರಿಸಿದೆ. “ಬಂದರೂ ಟೈಮ್ ಒಳಗೆ ಬರಲ್ಲ” ಎಂದರು. ಸ್ಟವ್, ಸೂಪು, ಕೋಲಾ, ಬೇಯಿಸಿದ ಆಲೂಗಡ್ಡೆ ಎಲ್ಲ ಗಾಡಿ ಹತ್ತಿತು. ಅದರ ಜೊತೆಗೆ ಪ್ರಥಮ ಚಿಕಿತ್ಸೆಯ ಹುಡುಗನನ್ನೂ ಕರೆದುಕೊಂಡು ಹೊರಟರು. ಜಗಳ ಆಡಿ ಒಂದು ನೀರಿನ ಕ್ಯಾನ್, ಸ್ವಲ್ಪ ಬಾಳೆಹಣ್ಣು ಮತ್ತು ಬಿಬ್ ಪಟ್ಟಿ ಉಳಿಸಿಕೊಂಡೆವು.

ಏಳರಲ್ಲಿ ನಾಲ್ಕು ಜನ ಟೈಮ್ ಒಳಗೇ ಬಂದರು. ಅವರಲ್ಲೊಬ್ಬಾಕೆ ಖಾಲಿ ಜಾಗ ನೋಡಿ, “ಅಯ್ಯೋ, ನಾನು ಲೇಟಾ?” ಎಂದು ಕೇಳಿದರು. ಹನ್ನೊಂದು ನಿಮಿಷ ಉಳಿಸಿಕೊಂಡು ಬಂದವರ ಬಾಯಲ್ಲಿ ಬರಬೇಕಾದ ಮಾತಾ ಇದು?

ನನ್ನ ತಕರಾರು ಇಷ್ಟೇ. ಕಟ್‌ಆಫ್ ಅನ್ನುವುದು ಆಯೋಜಕರು ತಾವೇ ಬರೆದು ಕೊಟ್ಟ ಮಾತು. ಓಟಗಾರ ಒಂದು ನಿಮಿಷ ತಡವಾಗಿ ಬಂದರೆ ಬಿಬ್ ಕಿತ್ತುಕೊಳ್ಳುತ್ತೀರಿ. ಕಿತ್ತುಕೊಳ್ಳಿ, ಅದು ನಿಯಮ. ಅದೇ ನಿಯಮ ನಿಮಗೂ ಇದೆ ಅಲ್ವಾ? ಎಲ್ಲರೂ ಒಂದೇ ಫೀಸು ಕಟ್ಟಿದ್ದಾರೆ. ಎಲ್ಲರೂ ಅದೇ ಬೆಟ್ಟ ಹತ್ತಿದ್ದಾರೆ. ಮುಂದೆ ಬಂದವರಿಗೆ ಬಿಸಿ ಸೂಪು, ಹಿಂದೆ ಬಂದವರಿಗೆ ಬರೀ ನೆಲ.

ಇದು ನ್ಯಾಯದ ಮಾತಷ್ಟೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಏಡ್ ಸ್ಟೇಷನ್ ನಿಜವಾಗಿ ಜಾಸ್ತಿ ಬೇಕಿರುವುದು ಹಿಂದಿನವರಿಗೇ. ಮುಂದಿನವರು ಬಾಟಲ್ ತುಂಬಿಸಿಕೊಂಡು ಅರ್ಧ ನಿಮಿಷದಲ್ಲಿ ಹೊರಟುಬಿಡುತ್ತಾರೆ. ಹಿಂದಿನವರು ಹೆಚ್ಚುಕಡಿಮೆ ಅವರ ದುಪ್ಪಟ್ಟು ಹೊತ್ತು ಕಾಡಿನಲ್ಲಿ ಇರುತ್ತಾರೆ. ರಾತ್ರಿಯ ಕತ್ತಲೆ ಸಿಗುವುದೂ ಎಷ್ಟೋ ಸಲ ಅವರಿಗೆ ಮಾತ್ರ. ನಡಿಗೆ ನಿಧಾನವಾದಂತೆ ಮೈಯಲ್ಲಿ ಹುಟ್ಟುವ ಶಾಖ ಕಡಿಮೆಯಾಗುತ್ತದೆ. ಬೆವರಿಗೆ ನೆನೆದ ಬಟ್ಟೆ ಮೈ ಮೇಲೇ ತಣ್ಣಗಾಗುತ್ತದೆ. ಗಾಳಿ ಬೀಸಿದರೆ ನಡುಕ ಶುರು. ಆಗ ಒಂದು ಲೋಟ ಬಿಸಿ ಸೂಪು, ಕೂರಲು ಒಂದು ಕುರ್ಚಿ, ಮೈಮೇಲೆ ಒಂದು ಕಂಬಳಿ ಸಿಕ್ಕಿದರೆ ರೇಸ್ ಉಳಿಯುತ್ತದೆ. ಕೆಲವೊಮ್ಮೆ ರೇಸ್‌ಗಿಂತ ದೊಡ್ಡದೇ ಉಳಿಯುತ್ತದೆ.

“ನೀರಿನ ಕ್ಯಾನ್ ಬಿಟ್ಟಿದ್ದೆವಲ್ಲ” ಎಂದು ಆಯೋಜಕರು ಆಮೇಲೆ ನನಗೆ ಹೇಳಿದರು. ಬರೀ ನೀರು ಸಾಲದು ಸ್ವಾಮಿ. ನೀರು ವಿಪರೀತವಾದರೆ ರಕ್ತದಲ್ಲಿನ ಸೋಡಿಯಂ, ಅಂದರೆ ಉಪ್ಪಿನಂಶ, ತೆಳುವಾಗಿ ಅಪಾಯವಾಗುತ್ತದೆ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದ್ದರು. ಶೇ. 13 ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ವಿಪರೀತ ನೀರು, ಪಾನೀಯ ಕುಡಿದು ಓಟದಲ್ಲೇ ತೂಕ ಹೆಚ್ಚಿಸಿಕೊಂಡವರಲ್ಲಿ, ನಾಲ್ಕು ಗಂಟೆಗಿಂತ ಜಾಸ್ತಿ ಓಡಿದವರಲ್ಲಿ ಇದು ಹೆಚ್ಚು ಕಂಡಿತು. ಅಂದರೆ ನಿಧಾನವಾಗಿ ಓಡುತ್ತಾ, ಸಿಕ್ಕಲ್ಲೆಲ್ಲ ಕುಡಿಯುತ್ತಾ ಬರುವವರು. ಬೆರಳು ಊದಿದೆಯಾ, ತಲೆ ಸಿಡಿಯುತ್ತಿದೆಯಾ, ವಾಂತಿ ಆಗುತ್ತಿದೆಯಾ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಿದ್ದಾರಾ ಎಂದು ನೋಡಲು ಗೊತ್ತಿರುವವರೊಬ್ಬರು ಅಲ್ಲಿ ಇರಲೇಬೇಕು. ಗೊತ್ತಿಲ್ಲದವರು “ಪಾಪ, ಸುಸ್ತಾಗಿದ್ದಾರೆ, ಇನ್ನೊಂದು ಬಾಟಲ್ ನೀರು ಕುಡೀರಿ” ಅಂದರೆ ಸ್ಥಿತಿ ಇನ್ನೂ ಕೆಡುತ್ತದೆ. ನೀವು ಮಾತ್ರ ಪ್ರಥಮ ಚಿಕಿತ್ಸೆಯ ಹುಡುಗನನ್ನೇ ಗಾಡಿ ಹತ್ತಿಸಿಕೊಂಡು ಹೋದಿರಿ.

ಇನ್ನೂ ಒಂದಿದೆ. ಏಡ್ ಸ್ಟೇಷನ್ ಅಂದರೆ ತಿಂಡಿ ಟೇಬಲ್ ಮಾತ್ರ ಅಲ್ಲ. ಯಾವ ಬಿಬ್ ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೊರಟಿತು ಎಂದು ಅಲ್ಲಿ ಬರೆದುಕೊಳ್ಳುತ್ತೇವೆ. ಯಾರಾದರೂ ದಾರಿ ತಪ್ಪಿದರೆ ಎಲ್ಲಿಂದ ಎಲ್ಲಿಯವರೆಗೆ ಹುಡುಕಬೇಕು ಎಂದು ಆ ಹಾಳೆ ನೋಡಿಯೇ ಗೊತ್ತಾಗಬೇಕು. ಮುಂಚೆಯೇ ಅಂಗಡಿ ಮುಚ್ಚಿದರೆ ಹಾಳೆ ಅರ್ಧಕ್ಕೆ ನಿಲ್ಲುತ್ತದೆ. ಕೊನೆಯ ಓಟಗಾರನ ಹಿಂದೆ ಗುರುತಿನ ರಿಬ್ಬನ್ ಬಿಚ್ಚಿಕೊಂಡು ಸ್ವೀಪರ್ ಬರುತ್ತಾರೆ. ಸ್ಟೇಷನ್ ಮುಚ್ಚಬೇಕಾದದ್ದು ಆ ಸ್ವೀಪರ್ ಬಂದು “ನನ್ನ ಹಿಂದೆ ಯಾರೂ ಇಲ್ಲ” ಎಂದ ಮೇಲೆ. ನಿನ್ನೆ ನಮ್ಮ ಸ್ವೀಪರ್ ಬಂದಾಗ ಅವರಿಗೂ ಬಿಸಿ ನೀರಿರಲಿಲ್ಲ.

“ಅವರು ಹೇಗಿದ್ದರೂ ಫಿನಿಶ್ ಮಾಡಲ್ಲ” ಅನ್ನುವವರಿಗೆ ಒಂದು ವಿಷಯ ಹೇಳುತ್ತೇನೆ. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ಓಟಕ್ಕೆ 30 ಗಂಟೆ ಕಟ್‌ಆಫ್. 2015ರಲ್ಲಿ ಗನ್‌ಹಿಲ್ಡ್ ಸ್ವಾನ್ಸನ್ ಎಂಬ 70 ವರ್ಷದ ಹೆಂಗಸು 29 ಗಂಟೆ 59 ನಿಮಿಷ 54 ಸೆಕೆಂಡಿಗೆ ಮುಗಿಸಿದರು. ಉಳಿದದ್ದು ಆರು ಸೆಕೆಂಡ್. 15 ಗಂಟೆಯೊಳಗೆ ಓಡಿ ಗೆದ್ದಿದ್ದ ರಾಬ್ ಕ್ರಾರ್ ಕೊನೆಯ ಮೈಲಿ ಚಪ್ಪಲಿಯಲ್ಲೇ ಅವರ ಜೊತೆ ಓಡಿದರು. ಆ ರೇಸ್‌ನ ಕೊನೆಯ ಒಂದು ಗಂಟೆಯನ್ನು ಅಲ್ಲಿ ಗೋಲ್ಡನ್ ಅವರ್ ಅನ್ನುತ್ತಾರೆ, ಅದನ್ನು ನೋಡಲಿಕ್ಕೆಂದೇ ಜನ ಕಾದು ನಿಲ್ಲುತ್ತಾರೆ. ದಾರಿಯಲ್ಲಿ ಒಂದೇ ಒಂದು ಸ್ಟೇಷನ್ ಖಾಲಿ ಮಾಡಿಕೊಂಡು ಹೋಗಿದ್ದರೂ ಆ ಆರು ಸೆಕೆಂಡ್ ಎಲ್ಲಿ ಉಳಿಯುತ್ತಿತ್ತು?

ವಾಲಂಟಿಯರ್‌ಗಳಿಗೂ ಸುಸ್ತಾಗುತ್ತದೆ, ಮನೆಗೆ ಹೋಗಬೇಕು, ಅವರು ದುಡ್ಡಿಗೆ ಬಂದವರಲ್ಲ ಎನ್ನುತ್ತಾರೆ. ನಿಜ. ರಾತ್ರಿಯೆಲ್ಲ ನಿಂತು ನನ್ನ ಕಾಲೂ ಮರಗಟ್ಟಿತ್ತು. ಆದರೆ ಅದಕ್ಕೆ ಪರಿಹಾರ ಶಿಫ್ಟ್ ಹಾಕುವುದು, ಟೇಬಲ್ ಎತ್ತುವುದಲ್ಲ. ಬೆಳಿಗ್ಗೆ ಶುರುವಿನ ಹತ್ತಿರ ಫೋಟೋ ತೆಗೆಸಿಕೊಳ್ಳಲು ಬೇಕಾದಷ್ಟು ಜನ ಇದ್ದರು. ಆ ಜನರನ್ನೇ ಕೊನೆಯ ಪಾಳಿಗೂ ಹಂಚಬಹುದಿತ್ತು. ಜನ ಸಾಲದಿದ್ದರೆ ಓಟಗಾರರನ್ನೇ ಕೇಳಿ. ವೆಸ್ಟರ್ನ್ ಸ್ಟೇಟ್ಸ್‌ನಲ್ಲೂ ಅಮೆರಿಕದ ಇನ್ನೊಂದು 100 ಮೈಲಿ ಓಟವಾದ ಹಾರ್ಡ್‌ರಾಕ್‌ನಲ್ಲೂ ಓಡಬೇಕಾದರೆ ಮೊದಲು 8 ಗಂಟೆ ಸೇವೆ ಮಾಡಿರಬೇಕು. ಟ್ರೇಲ್ ಸರಿಪಡಿಸಿ, ಇಲ್ಲವೇ ರೇಸ್‌ನಲ್ಲಿ ಕೆಲಸ ಮಾಡಿ. ಒಮ್ಮೆ ಕೊನೆಯ ಪಾಳಿಯಲ್ಲಿ ನಿಂತವರು ಇನ್ನೊಬ್ಬರ ಟೇಬಲ್ ಮುಂಚೆ ಎತ್ತಲು ಬಿಡುವುದಿಲ್ಲ.

ನನಗೆ ಈ ವಿಷಯ ಇಷ್ಟು ಚುಚ್ಚುವುದಕ್ಕೆ ಕಾರಣವೂ ಇದೆ. ಓಡುತ್ತಿದ್ದಷ್ಟು ಕಾಲವೂ ನಾನು ಹಿಂದಿನ ಸಾಲಿನಲ್ಲೇ ಇದ್ದವಳು. ನಡುರಾತ್ರಿ ದೂರದಲ್ಲಿ ಸ್ಟೇಷನ್ನಿನ ದೀಪ ಕಂಡು, ಯಾರೋ ಗುರುತಿಲ್ಲದವರು ನನ್ನ ಬಿಬ್ ನಂಬರ್ ಕೂಗಿ ಕರೆದಾಗ ಅತ್ತುಬಿಟ್ಟಿದ್ದೇನೆ. ಅವರಿಂದಾಗಿಯೇ ನಾನಿವತ್ತು ವಾಲಂಟಿಯರ್.

ಇವತ್ತು ಬೆಳಿಗ್ಗೆ ಆಯೋಜಕರಿಗೆ ಇದನ್ನೆಲ್ಲ ಬರೆದು ಕಳಿಸಿದ್ದೇನೆ. ಮುಂದೆ ಯಾವ ರೇಸ್‌ಗೆ ಹೆಸರು ಕೊಡುವುದಿದ್ದರೂ ಎರಡು ವಿಷಯ ಮೊದಲೇ ಕೇಳುತ್ತೇನೆ. ಸ್ವೀಪರ್ ಬರುವವರೆಗೆ ಸ್ಟೇಷನ್ ತೆರೆದಿರುತ್ತದಾ? ಅಲ್ಲಿಯವರೆಗೆ ಪ್ರಥಮ ಚಿಕಿತ್ಸೆಯವರು ಇರುತ್ತಾರಾ? ಇರುತ್ತಾರೆ ಅಂದರೆ ಕೊನೆಯ ಪಾಳಿ ನನಗೇ ಕೊಡಿ. ಜೊತೆಗೆ ಬರುವವರಿದ್ದರೆ ಕೆಳಗೆ ಹೆಸರು ಹಾಕಿ.