ನಾಳೆ ಬಾ, ಬಾಟಲಿ

ಅಕ್ಟೋಬರ್ 2027 ಅಂತೆ. ಸ್ಕಾಟ್‌ಲೆಂಡಿನಲ್ಲಿ ಖಾಲಿ ಬಾಟಲಿ ತಂದುಕೊಟ್ಟವರಿಗೆ ಠೇವಣಿ ವಾಪಸ್ ಕೊಡುವ ಆ ಮಹಾಯೋಜನೆಗೆ ಇದು ಸದ್ಯದ ಮುಹೂರ್ತ. ಮೊದಲು 2021ರ ಏಪ್ರಿಲ್ ಅಂದರು. ಆಮೇಲೆ 2022ರ ಜುಲೈ. ಆಮೇಲೆ 2023ರ ಆಗಸ್ಟ್. ಆಮೇಲೆ 2024ರ ಮಾರ್ಚ್. ಆಮೇಲೆ 2025ರ ಅಕ್ಟೋಬರ್. ನಮ್ಮ ಕಡೆ ದೆವ್ವ ಒಳಗೆ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ರಾಜಧಾನಿ ಎಡಿನ್‌ಬರೋದಲ್ಲಿ ಸರ್ಕಾರದ ಬಾಗಿಲಿಗೂ ಯಾರೋ ಹಾಗೆ ಸೀಮೆಸುಣ್ಣದಲ್ಲಿ ಗೀಚಿರಬೇಕು. ದೆವ್ವ ಪಾಪ ಪ್ರತಿಸಲ ಓದಿಕೊಂಡು, ಕೈಯಲ್ಲಿ ಖಾಲಿ ಬಾಟಲಿ ಹಿಡಿದು ವಾಪಸ್ ಹೋಗುತ್ತಿದೆ.

ನಾನಿರುವುದು ಡನ್‌ಬಾರ್‌ನಲ್ಲಿ. ಸುಮಾರು ಹತ್ತು ಸಾವಿರ ಜನರ ಕಡಲತಡಿಯ ಊರು. ಪರಿಸರದ ವಿಷಯದಲ್ಲಿ ಊರಿಗೆ ಸ್ವಲ್ಪ ಜಂಬ, ಯಾಕೆಂದರೆ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಪಿತಾಮಹ ಜಾನ್ ಮ್ಯೂರ್ 1838ರಲ್ಲಿ ಹುಟ್ಟಿದ್ದು ಇಲ್ಲಿನ ಹೈಸ್ಟ್ರೀಟಿನಲ್ಲಿ. ಹನ್ನೊಂದು ತುಂಬುವ ಮೊದಲೇ ಊರು ಬಿಟ್ಟ, ಆ ಮಾತು ಬೇರೆ. ಈಗ ಊರಾಚೆ ಹೋದರೆ ಸ್ಕಾಟ್‌ಲೆಂಡಿನ ಏಕೈಕ ಸಿಮೆಂಟ್ ಕಾರ್ಖಾನೆ ಸಿಗುತ್ತದೆ, ಅದರ ಮಗ್ಗುಲಲ್ಲೇ ಕಸ ಸುಟ್ಟು ಕರೆಂಟು ಮಾಡುವ ಸ್ಥಾವರ, ಇನ್ನೂ ಮುಂದೆ ಟಾರ್ನೆಸ್ ಅಣುವಿದ್ಯುತ್ ಕೇಂದ್ರ. ಇತ್ತ ಕಡೆ 1719ರಿಂದ ಬಿಯರ್ ಮಾಡುತ್ತಿರುವ ಬೆಲ್‌ಹೇವನ್. ಮ್ಯೂರ್ ತಾತ ಇವತ್ತು ರೈಲಿಳಿದು ಇದನ್ನೆಲ್ಲ ಕಂಡರೆ ಸೀದಾ ಬ್ರೂವರಿಗೇ ಹೋಗಿ ಕೂರುವುದು ಖಂಡಿತ.

ಬಾಟಲಿ ವಾಪಸ್ ಕೊಡುವುದನ್ನು ಈ ದೇಶದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಐರ್ನ್ ಬ್ರೂ ಎಂಬ ಕಿತ್ತಳೆ ಬಣ್ಣದ ಪಾನೀಯ ಇದೆಯಲ್ಲ, ಹಿಂದಿನ ರಾತ್ರಿ ಜಾಸ್ತಿಯಾದವರಿಗೆ ಬೆಳಗಿನ ಕಷಾಯ, ಅದರ ಗಾಜಿನ ಬಾಟಲಿ ಅಂಗಡಿಗೆ ಮರಳಿಸಿದರೆ 30 ಪೆನ್ಸ್ ಸಿಗುತ್ತಿತ್ತು. 'ಗ್ಲಾಸ್ ಚೆಕ್' ಅಂತ ಹೆಸರು. ಕಾಯ್ದೆ ಇರಲಿಲ್ಲ, ಸಚಿವರಿರಲಿಲ್ಲ, ಆ್ಯಪ್ ಇರಲಿಲ್ಲ. ಹುಡುಗರು ಪೊದೆ ತಡಕಿ, ಪಕ್ಕದ ಮನೆಯಜ್ಜಿಯನ್ನು ಕಾಡಿ, ಬಾಟಲಿ ಹೊಂದಿಸಿ ಮಿಠಾಯಿ ತಿಂದು ಬೆಳೆದರು. ಕಂಪನಿ ಅದನ್ನು ತೊಳೆದು ಮತ್ತೆ ತುಂಬುತ್ತಿತ್ತು. ನೂರು ವರ್ಷಕ್ಕೂ ಮೀರಿ ನಡೆದ ಈ ಏರ್ಪಾಡು 2015ರ ಡಿಸೆಂಬರ್ 31ಕ್ಕೆ ಕಣ್ಮುಚ್ಚಿತು. ಸತ್ತದ್ದು ಯಾಕೆ ಅಂದರೆ, ಮನೆಮುಂದೆಯೇ ಮರುಬಳಕೆಯ ಡಬ್ಬಿ ಬಂದ ಮೇಲೆ ಜನ ಬಾಟಲಿಯನ್ನು ಅದಕ್ಕೇ ಹಾಕತೊಡಗಿದರು, ವಾಪಸ್ ಬರುವುದು ಅರ್ಧಕ್ಕಿಳಿಯಿತು. ತೊಳೆದರೆ ಸಾಕಿದ್ದ ಬಾಟಲಿಯನ್ನು ಒಡೆದು, ಪುಡಿ ಮಾಡಿ, ಕುಲುಮೆಯಲ್ಲಿ ಕರಗಿಸಿ, ಮತ್ತೆ ಬಾಟಲಿ ಮಾಡುವುದು ಪರಿಸರಪ್ರೇಮ ಅನ್ನಿಸಿಕೊಂಡಿತು.

ಅದರ ವರ್ಷಾಂತಿಕ ಮುಗಿದು ಇನ್ನೊಂದು ವರ್ಷ ತುಂಬುವ ಮೊದಲೇ, 2017ರಲ್ಲಿ, ಸ್ಕಾಟ್‌ಲೆಂಡ್ ಸರ್ಕಾರದ ಆಗಿನ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಎದ್ದು ನಿಂತು ಹೊಚ್ಚಹೊಸ ಉಪಾಯ ಪ್ರಕಟಿಸಿದರು. ಬಾಟಲಿಗೆ ಠೇವಣಿ! ಈ ಸಲ 20 ಪೆನ್ಸ್ ಎಂದು ಆಮೇಲೆ ನಿಗದಿಯಾಯಿತು. ನೂರು ವರ್ಷದ್ದನ್ನು ಎರಡೇ ವರ್ಷದಲ್ಲಿ ಮರೆತು ಮತ್ತೆ ಕಂಡುಹಿಡಿದ ಈ ಪ್ರತಿಭೆಗೆ ಯಾರೂ ಹಾರ ಹಾಕಲಿಲ್ಲ ಎಂಬುದೇ ನನ್ನ ಕೊರಗು.

ಮುಂದಿನ ಕತೆ ಹೀಗೆ. ಲಂಡನ್ನಿನ ಬ್ರಿಟಿಷ್ ಸರ್ಕಾರಕ್ಕೆ ಗಾಜು ಚುಚ್ಚಿತು. ಪ್ಲಾಸ್ಟಿಕ್ಕು, ತಗಡು ಇರಲಿ, ಗಾಜು ಸೇರಿಸಿದರೆ ಬ್ರಿಟನ್ನಿನೊಳಗಿನ ವ್ಯಾಪಾರಕ್ಕೆ ಅಡ್ಡಿಯಾಗಬಾರದೆನ್ನುವ ಆಂತರಿಕ ಮಾರುಕಟ್ಟೆ ಕಾಯ್ದೆಯಡಿ ಒಪ್ಪಿಗೆ ಇಲ್ಲ ಎಂದರು. ಆಗ ಅಲ್ಲಿ ಆಳುತ್ತಿದ್ದ ಇದೇ ಕನ್ಸರ್ವೇಟಿವ್ ಪಕ್ಷ 2019ರ ಪ್ರಣಾಳಿಕೆಯಲ್ಲಿ ಠೇವಣಿ ಯೋಜನೆಗೆ ಪ್ಲಾಸ್ಟಿಕ್ ಜೊತೆ ಗಾಜನ್ನೂ ಬರೆದುಕೊಂಡಿತ್ತು. ಬರೆದ ಕೈ ಬೇರೆ, ತಡೆದ ಕೈ ಬೇರೆ ಇರಬಹುದು. ಎಡಿನ್‌ಬರೋದ ಸಚಿವೆ ಲೋರ್ನಾ ಸ್ಲೇಟರ್, ನೀವು ಹಾಗಂದರೆ ನಾವೂ ಆಡುವುದಿಲ್ಲ ಎಂದು 2023ರ ಜೂನ್‌ನಲ್ಲಿ ಆಟ ನಿಲ್ಲಿಸಿದರು. ಯೋಜನೆ ನಡೆಸಲೆಂದೇ ಹುಟ್ಟಿದ್ದ ಸರ್ಕ್ಯುಲಾರಿಟಿ ಸ್ಕಾಟ್‌ಲೆಂಡ್ ಅದೇ ತಿಂಗಳು ದಿವಾಳಿಯ ಬಾಗಿಲಿಗೆ ಹೋಯಿತು. ಬಾಟಲಿ ಸಾಗಿಸಲು ಸಿದ್ಧವಾಗಿದ್ದ ಬಿಫಾ ಕಂಪನಿ 166 ಮಿಲಿಯನ್ ಪೌಂಡ್ ನಷ್ಟ ಕಟ್ಟಿಕೊಡಿ ಎಂದು ಕೋರ್ಟಿಗೆ ಹೋಯಿತು. ಒಂದು ಬಾಟಲಿಯೂ ವಾಪಸ್ ಬರಲಿಲ್ಲ.

ನಮ್ಮ ಬೀದಿಯ ಅಂಗಡಿಯಾತ ಪಂಜಾಬಿ. ತಂಪು ಪಾನೀಯ ಮಾರುವವರೆಲ್ಲ ಖಾಲಿ ಬಾಟಲಿ ತೆಗೆದುಕೊಳ್ಳಲೇಬೇಕು ಎಂದು ಕಾಗದ ಬಂದಾಗ, ಇದ್ದ ಅಂಗೈಯಗಲದ ಅಂಗಡಿಯಲ್ಲಿ ಬ್ರೆಡ್ಡಿನ ಸ್ಟ್ಯಾಂಡ್ ಕಿತ್ತು ಬಾಟಲಿ ವಾಪಸ್ ಪಡೆಯುವ ಯಂತ್ರಕ್ಕೆ ಜಾಗ ಮಾಡಿದ. ಬಾಡಿಗೆ ಕರಾರಿಗೆ ಸಹಿಯೂ ಹಾಕಿದ. ಅವನಿಗೆ ಯಾರು ಕಟ್ಟಿಕೊಡುತ್ತಾರೆ? ಇಲ್ಲಿ ನನಗೆ ತಮಾಷೆ ಮಾಡಲು ಆಗುತ್ತಿಲ್ಲ. 2019ರಲ್ಲಿ ಹವಾಮಾನ ತುರ್ತುಪರಿಸ್ಥಿತಿ ಘೋಷಿಸಿ ಚಪ್ಪಾಳೆ ತಟ್ಟಿಸಿಕೊಂಡ ಸರ್ಕಾರ ಇದು. 2030ರೊಳಗೆ ಹೊಗೆ 75% ಇಳಿಸುತ್ತೇವೆ ಎಂದು ಕಾಯ್ದೆಯಲ್ಲಿ ಬರೆದು, 2024ರಲ್ಲಿ ಅದನ್ನೂ ಕೈಬಿಟ್ಟಿತು. ತುರ್ತು ಅಂದರೆ ಏನೆಂದು ಇವರಿಗೆ ಯಾರಾದರೂ ಹೇಳಬಾರದೇ? ಎಡಿನ್‌ಬರೋ, ಲಂಡನ್ ಇಬ್ಬರ ಜಗಳದಲ್ಲಿ ಬಡವಾಗಿದ್ದು ಮಾತು ನಂಬಿ ಮೊದಲೇ ತಯಾರಾದವನು. ಏನೂ ಮಾಡದೆ ಕಾಲು ಚಾಚಿ ಕೂತವನಿಗೆ ಒಂದು ಪೆನ್ನಿಯೂ ಹೋಗಿಲ್ಲ.

ಶನಿವಾರ ಬೆಲ್‌ಹೇವನ್ ಕೊಲ್ಲಿಯ ಮರಳಿನಲ್ಲಿ ಕಸ ಹೆಕ್ಕಲು ಹೋಗಿದ್ದೆ. ನಾಯಿ ತಿರುಗಾಡಿಸುವವರು ಬಿಟ್ಟರೆ ಇಲ್ಲಿ ಬೇರೆ ಸರ್ಕಾರ ಇಲ್ಲ. ಚೀಲದ ತುಂಬ ಬಾಟಲಿ, ಮುಕ್ಕಾಲು ಪಾಲು ಗಾಜಿನವು. ಬರುವಾಗ ಅಂಗಡಿಗೆ ಹೊಕ್ಕೆ. ಯಂತ್ರಕ್ಕೆಂದು ತೆರವು ಮಾಡಿದ್ದ ಜಾಗದಲ್ಲಿ ಈಗ ಆಲೂಗಡ್ಡೆ ಮೂಟೆ.

"2027ಕ್ಕಂತೆ ಭಾಯಿ, ನಿಜವಾ?" ಎಂದ.

"ಹಾಗಂತಾರೆ."

ನನ್ನ ಚೀಲ ನೋಡಿದ. "ಇವು ನಡೆಯುತ್ತವಾ?"

"ಇಲ್ಲ. ಈ ಸಲ ಗಾಜು ಇಲ್ಲ."

ಮೂಟೆಯನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿದ.