ಕಡುಬಿಗೆ ಕೂತ ತಕ್ಷಣ ಹೇಳಿಡಿ

ಗ್ಯಾಸ್ಟ್ರೋಪಬ್ ಅನ್ನೋ ಪದ ಈಗ ಶಿವಮೊಗ್ಗದ ಹುಡುಗರ ಬಾಯಲ್ಲೂ ಬರ್ತಿದೆ. 1991ರಲ್ಲಿ ಲಂಡನ್ನಿನ ‘ದಿ ಈಗಲ್’ ಅನ್ನೋ ಪಬ್ಬನ್ನು ಇಬ್ಬರು ವಹಿಸಿಕೊಂಡು, ಬಿಯರ್ ಜೊತೆ ನೆಟ್ಟಗೆ ಅಡುಗೆ ಮಾಡಿ ಬಡಿಸೋಕೆ ಶುರು ಮಾಡಿದಾಗ ಚಾಲ್ತಿಗೆ ಬಂದ ಪದ ಅದು. ನಮ್ಮಲ್ಲಿ ‘ಬಾರ್ ಅಂಡ್ ರೆಸ್ಟೋರೆಂಟ್’ ಅಂತ ಬೋರ್ಡ್ ಹಾಕ್ತಾರೆ. ಮಲೆನಾಡಲ್ಲಿ ಅಂಥ ಕಡೆ ಬರೀ ಊಟಕ್ಕೆ ಅಂತಲೇ ಹೋಗೋ, ಒಂದು ತೊಟ್ಟೂ ಕುಡಿಯದ ಜನ ಬೇಕಾದಷ್ಟಿದ್ದಾರೆ.

ಆದ್ರೆ ಗೆಳೆಯರ ಗುಂಪು ಹೋದಾಗ ಊಟ ಅರ್ಧ ಕೆಡೋದು ಆರ್ಡರ್ ಹೇಳುವಾಗ್ಲೇ. ಐದು ಜನ ಐದು ಕಡೆಯಿಂದ ಕೂಗ್ತಾರೆ, ಸಪ್ಲೈಯರ್ ಎಲ್ಲಾ ಬರ್ಕೊಂಡು ಹೋಗ್ತಾನೆ, ಆರು ಸ್ಟಾರ್ಟರ್ ಒಟ್ಟಿಗೆ ಬಂದು ಬೀಳುತ್ತೆ. ನಾಲ್ಕು ತಣ್ಣಗಾಗುತ್ತೆ. ಒಬ್ಬರೇ ಆರ್ಡರ್ ಹೇಳಿ, ಮಾರಾಯ್ರೆ.

ಸಣ್ಣ ಅಡುಗೆಮನೆ ಹೇಗಿರುತ್ತೆ ಅಂತ ಯೋಚಿಸಿ. ಕಬಾಬಿಗೆ ಒಂದು ಎಣ್ಣೆ ಬಾಣಲೆ, ಮೀನಿಗೆ ತವಾ, ಚಿಲ್ಲಿ-ಪೆಪ್ಪರ್ ಐಟಂಗಳಿಗೆ ದೊಡ್ಡ ಉರಿಯ ಒಲೆ. ಐದು ಜನಕ್ಕೆ ಮೊದಲ ಸುತ್ತಲ್ಲಿ ಮೂರು ಐಟಂ ಸಾಕು, ಬಾಣಲೆಯದ್ದೊಂದು, ತವಾದ್ದೊಂದು, ಒಲೆಯದ್ದೊಂದು. ಮೂರೂ ಬೇರೆ ಬೇರೆ ಕಡೆ ಬೇಯೋದ್ರಿಂದ ಬಿಸಿಬಿಸಿಯಾಗಿ ಬರುತ್ತೆ. ಮೂರು ಪ್ಲೇಟ್ ಕಬಾಬ್ ಒಟ್ಟಿಗೆ ಹೇಳಿದ್ರೆ ಅವಸರಕ್ಕೆ ಬಾಣಲೆ ತುಂಬಾ ಸುರೀತಾರೆ. ಎಣ್ಣೆಯ ಕಾವು ಇಳಿಯುತ್ತೆ, ಮೇಲಿನ ಮಸಾಲೆ ಗರಿಯಾಗೋ ಬದಲು ಎಣ್ಣೆ ಕುಡಿಯುತ್ತೆ. ಬೆರಳಲ್ಲಿ ಹಿಡಿದ್ರೆ ಸಿಪ್ಪೆ ಥರ ಕಳಚಿ ಬರೋ ಕಬಾಬ್ ಇದೆಯಲ್ಲ, ಬಹುಪಾಲು ಹಾಗಾದದ್ದೇ. ಇನ್ನು ಬಣ್ಣ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸಿದೆ. ಬ್ಯಾಡಗಿ ಮೆಣಸಿನಕಾಯಿ ಎಷ್ಟೇ ಹಾಕಿದ್ರೂ ಕರಿದ ಮೇಲೆ ಕಂದು ತಿರುಗಿದ ಕೆಂಪು ಬರುತ್ತೆ. ಕೈಗೆ ಅಂಟೋ ಕುಂಕುಮದ ಕೆಂಪು ಬಂದ್ರೆ ಕೇಳೋ ಹಕ್ಕು ನಿಮಗಿದೆ.

ಪೋರ್ಕ್ ಫ್ರೈ ಬಗ್ಗೆ ನನಗೆ ಸ್ವಲ್ಪ ಜಾಸ್ತಿನೇ ಹಠ. ಫುಲ್ ಪ್ಲೇಟ್ ಹೇಳಬೇಡಿ, ಹಾಫ್ ಹೇಳಿ, ಅದು ಮುಗಿದ ಮೇಲೆ ಇನ್ನೊಂದು ಹಾಫ್. ಕೊಬ್ಬು ತಣ್ಣಗಾದ ಕೂಡ್ಲೇ ಗಟ್ಟಿಯಾಗುತ್ತೆ. ಜುಲೈ ಮಳೆಯ ಥಂಡಿಗೆ ಹರಟೆಯ ಮಧ್ಯೆ ಕಾಲು ಗಂಟೆ ಪ್ಲೇಟ್ ಮರೆತರೆ ಅಂಚಲ್ಲಿ ಬಿಳಿ ಪದರ ಕಟ್ಟಿರುತ್ತೆ, ಅದನ್ನ ನೋಡಿದ ಮೇಲೆ ಯಾರೂ ಕೈ ಹಾಕಲ್ಲ. ಚರ್ಮ, ಕೊಬ್ಬು, ಮಾಂಸ ಮೂರೂ ಒಂದೇ ತುಂಡಲ್ಲಿರಬೇಕು, ಮಸಾಲೆಯಲ್ಲಿ ಕಾಳುಮೆಣಸು ಮುಂದಿರಬೇಕು, ಹುಳಿ ಕೊನೆಗೆ ಬಿದ್ದಿರಬೇಕು. ಉಪ್ಪಾಗೆ ಹುಳಿ ಹಾಕೋ ಅಡುಗೆಯವರು ಸಿಕ್ಕಿದ್ರೆ ಬಿಡಬೇಡಿ. ವಿನೆಗರ್ ಹಾಕಿದ್ದು ಮೂಗಿಗೇ ಗೊತ್ತಾಗುತ್ತೆ.

ಮೀನಿಗೆ ಕ್ಯಾಲೆಂಡರ್ ನೋಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯಲ್ಲ. ಆ ದಿನಗಳಲ್ಲಿ ಘಟ್ಟ ಹತ್ತಿ ಬರೋ ಅಂಜಲ್ ಬಹುಮಟ್ಟಿಗೆ ಐಸಿನದ್ದು. ನೀರು ಬಿಟ್ಟುಕೊಂಡ ತುಂಡು ತವಾ ಮೇಲೆ ಹುರಿಯೋ ಬದಲು ಬೇಯುತ್ತೆ, ರವೆ ಉದುರುತ್ತೆ. ಆಗ ಹೊಳೆ ಮೀನೋ ಡ್ಯಾಂ ಮೀನೋ ಇದೆಯಾ ಅಂತ ಕೇಳೋದು ಜಾಣತನ.

ಕಡುಬು, ಅಕ್ಕಿ ರೊಟ್ಟಿ ವಿಷಯದಲ್ಲಿ ಎಲ್ಲರೂ ಎಡವೋದು ಒಂದೇ ಕಡೆ, ಹಸಿವಾದಾಗ ಹೇಳ್ತಾರೆ. ಅಕ್ಕಿತರಿ ಕಡುಬು ಹಬೆಯಲ್ಲಿ ಹದಿನೈದು-ಇಪ್ಪತ್ತು ನಿಮಿಷ ಬೇಯಬೇಕು. ತಣ್ಣಗಾದ ಕಡುಬಿನ ಮೇಲ್ಭಾಗ ಒಣಗಿ ಸಾರು ಹೀರಲ್ಲ. ರೊಟ್ಟಿ ಲೆಕ್ಕ ಹಾಕಿ: ಒಂದಕ್ಕೆ ಮೂರು ನಿಮಿಷ ಹಿಡಿದ್ರೂ, ತಲೆಗೆರಡರಂತೆ ಹತ್ತು ರೊಟ್ಟಿಗೆ ಒಂದೇ ಕಾವಲಿಯಲ್ಲಿ ಅರ್ಧ ಗಂಟೆ. ಆದ್ದರಿಂದ ಕೂತ ತಕ್ಷಣ ‘ಅಣ್ಣಾ, ಒಂಬತ್ತೂವರೆಗೆ ಕಡುಬು, ಕೋಳಿ ಸಾರು’ ಅಂತ ಹೇಳಿಡಿ. ರೊಟ್ಟಿ ಐದೈದರಂತೆ ಎರಡು ಸಲ ತರಿಸಿ.

ಕುಡಿಯೋರಿಗೆ ಒಂದು ಲೆಕ್ಕ. 42.8% ಇರೋ ವಿಸ್ಕಿಯ 60 ಎಂಎಲ್ ಲಾರ್ಜ್ ಪೆಗ್ಗಲ್ಲಿ ಶುದ್ಧ ಮದ್ಯಸಾರ ಸುಮಾರು 26 ಎಂಎಲ್. 8%ನ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ 52. ‘ನಾನು ಬರೀ ಬಿಯರ್, ಗಾಡಿ ನಾನೇ ಓಡಿಸ್ತೀನಿ’ ಅನ್ನೋ ಗೆಳೆಯ ಎರಡು ಲಾರ್ಜ್ ಹಾಕಿದ ಹಾಗೇ. 100 ಎಂಎಲ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ದಾಟಿದ್ರೆ ಮೊದಲ ಸಲಕ್ಕೇ ಹತ್ತು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಆಟೋ ಮಾಡಿ.

ಬಿಲ್ ಬಂದಾಗ ಎಂಆರ್‌ಪಿ ಜಗಳ ತೆಗೀಬೇಡಿ. ಎಂಆರ್‌ಪಿಗೆ ಕೊಡಬೇಕಾದ್ದು ಸಿಎಲ್-2 ಲೈಸೆನ್ಸಿನ ವೈನ್‌ಶಾಪ್, ಕೂತು ಕುಡಿಯೋ ಸಿಎಲ್-9 ಲೈಸೆನ್ಸಿನ ಬಾರಲ್ಲಿ ಮೆನುವಿನ ದರ. ನೋಡಬೇಕಾದ್ದು ಜಿಎಸ್‌ಟಿ. ಊಟಕ್ಕೆ 5%, ಮದ್ಯ ಜಿಎಸ್‌ಟಿಯೊಳಗೆ ಬರೋದೇ ಇಲ್ಲ. ಒಟ್ಟು ಮೊತ್ತದ ಮೇಲೆ 5% ಹಾಕಿದ್ರೆ ಮೆಲ್ಲಗೆ ಕೌಂಟರಲ್ಲಿ ತೋರಿಸಿ. ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ, ದೆಹಲಿ ಹೈಕೋರ್ಟೂ 2025ರ ಮಾರ್ಚ್‌ನಲ್ಲಿ ಹಾಗೇ ಹೇಳಿದೆ. ಟಿಪ್ಸ್ ಸಪ್ಲೈಯರ್ ಕೈಗೇ ಕೊಡಿ, ಕಡುಬು ಟೈಮಿಗೆ ತಂದವನು ಅವನು.

ಊಟದ್ದು, ಡ್ರಿಂಕ್ಸ್‌ದು ಬೇರೆ ಬೇರೆ ಬಿಲ್ ಮಾಡಿಸೋದನ್ನ ಮಾತ್ರ ಮೊದಲೇ ಹೇಳಿ. ಊಟ ಐದು ಪಾಲು, ಡ್ರಿಂಕ್ಸ್ ಕುಡಿದವರ ಪಾಲು. ಲೈಮ್ ಸೋಡಾ ಕುಡಿದು ಎಲ್ಲರಷ್ಟೇ ದುಡ್ಡು ಕೊಟ್ಟವನು ಮುಂದಿನ ಸಲ ‘ಮನೇಲಿ ನೆಂಟರು ಬಂದಿದಾರೆ’ ಅಂತಾನೆ.